ಎರಡನೆಯ ಕಿವಿ

ಸಿನಿಮಾದಲ್ಲಿ ಎಲ್ಲರೂ ಓಡುತ್ತಾರೆ.
ಕಾಫಿ ಗಿಡಗಳ ನಡುವೆ, ಬಿಳಿ ಬೂಟು ಹಾಕಿಕೊಂಡು,
ಮೊಳದುದ್ದದ ಲೆನ್ಸು ಎದೆಗೆ ಬಡಿಯುತ್ತ.
ಹಾಗೆ ಓಡಿದರೆ, ಬೊಳ್ಳಮ್ಮ ಟೀಚರ್ ನನ್ನ ಕಡೆ ಬಾಗಿ ಅಂದರು,
ಸಿಗುವುದು ಹಕ್ಕಿಯಲ್ಲ, ತೋಟದ ರೈಟರ ಬೈಗುಳ.

ಗೋಣಿಕೊಪ್ಪದ ಟಾಕೀಸು, ಮೊದಲ ದಿನ, ಎರಡನೆಯ ಆಟ.
ಹಕ್ಕಿ ಎಣಿಸುವವರೆಲ್ಲ ಬಂದಿದ್ದೆವು, ಐದು ತಂಡ.
ಹೋದ ಫೆಬ್ರವರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದವರು
ಈಗ ಒಂದೇ ಸಾಲಿನಲ್ಲಿ, ಒಂದೇ ಪೊಟ್ಟಣದ ಕಡಲೆ.

ನಮ್ಮ ಪಂದ್ಯದ್ದೇ ಕತೆ ಅಂತ ಹೇಳಿದ್ದರು. ಇರಬಹುದು.
ಇಪ್ಪತ್ತನಾಲ್ಕು ಗಂಟೆ, ಒಂದು ಜೀಪು, ಮೂರು ಜನ.
ನಡುರಾತ್ರಿ ಮಾಕುಟ್ಟದಲ್ಲಿ ಕಪ್ಪೆಬಾಯಿಯಿಂದ ಶುರು,
ತಡಿಯಂಡಮೋಳಿನ ಅಂಚಿನಲ್ಲಿ ಬೆಳಕು ಹರಿಯಬೇಕು,
ಗುಬ್ಬಚ್ಚಿಗೆ ವಿರಾಜಪೇಟೆಯ ಅಕ್ಕಿ ಅಂಗಡಿ,
ನೀರುಹಕ್ಕಿಗೆ ಚಿಕ್ಲಿಹೊಳೆ.
ಅಲ್ಲೆಲ್ಲೂ ಸಿಗದ ಕುಂಡೆಕುಸ್ಕ, ಕೊನೆಗೆ ಪೆಟ್ರೋಲ್ ಬಂಕಿನಲ್ಲಿ
ಟೈರಿಗೆ ಗಾಳಿ ತುಂಬುವ ಹುಡುಗನ ಕಾಲ ಬಳಿ
ಬಾಲ ಕುಣಿಸುತ್ತ ನಿಂತಿತ್ತು.

ಇದು ಯಾವುದೂ ತೆರೆಯ ಮೇಲಿಲ್ಲ.
ಸುನೀರ ಉಚ್ಚೆ ಹೊಯ್ಯಲು ಜೀಪು ನಿಲ್ಲಿಸಿದಾಗ
ಬೇಲಿಯಡಿ ಕಂಡ ನವರಂಗ,
ತಣ್ಣಗಾದ ಕಡಂಬುಟ್ಟನ್ನು ಪಟ್ಟಿಯ ಹಾಳೆಯ ಮೇಲೇ ಇಟ್ಟು ತಿಂದದ್ದು,
ನೂರಕ್ಕೆ ಎಂಬತ್ತು ಹಕ್ಕಿಗಳಿಗೆ ನೋಡದೆಯೇ ಗೀಟು ಎಳೆದದ್ದು,
ಕಿವಿಯಿಂದ, ಬರೀ ಕಿವಿಯಿಂದ.
ಕ್ಯಾಮೆರಾಕ್ಕೆ ಕಿವಿಯ ಮೇಲೆ ಏನು ಪ್ರೀತಿ?
ಅದಕ್ಕೆ ಬೇಕಾದ್ದು ಹೀರೋನ ಕಣ್ಣು, ಕಣ್ಣೊಳಗೆ ಹಕ್ಕಿ,
ಹಕ್ಕಿಯ ಕಣ್ಣೊಳಗೆ ಮತ್ತೆ ಹೀರೋ.

ನಿಯಮ ಮಾತ್ರ ಸರಿಯಾಗಿ ಹೇಳಿದರು:
ಇಬ್ಬರು ಕಂಡರೆ ಹಕ್ಕಿ. ಇಬ್ಬರು ಕೇಳಿದರೆ ಹಕ್ಕಿ.
ಒಬ್ಬರೇ ಕೇಳಿದ್ದು ಬರೀ ಗಾಳಿ.

ನಾನು ಕುರ್ಚಿಯಲ್ಲಿ ಸರಿದು ಕೂತೆ.

ಆ ದಿನ ಕತ್ತಲಾಗಲು ಹತ್ತು ನಿಮಿಷ.
ತೊರೆಯ ಮೇಲೆ ಬಾಗಿದ ಬಿದಿರು. ನಮ್ಮದು ನೂರ ಎಂಬತ್ತಾರು,
ಕುಟ್ಟದ ತಂಡದ್ದೂ ಅಷ್ಟೇ ಅಂತ ಫೋನು.
ಆಗ ಒಮ್ಮೆ, ಒಮ್ಮೆ ಮಾತ್ರ,
ಬ್ಲೇಡಿನ ಅಂಚಿನಷ್ಟು ಸಣ್ಣದೊಂದು ಚೀ
ನೀರಿನ ಮೇಲೆ ಹಾದು ಹೋಯಿತು,
ಇಲ್ಲ, ಹೋಗಲಿ ಅಂತ ನಾನು ಕಾದಿದ್ದೆನೋ.
ನೀಲಿಕಿವಿಯ ಮಿಂಚುಳ್ಳಿ, ಅಂದೆ.
ಟೀಚರ್ ತಲೆಯಾಡಿಸಿದರು. ಹೂಂ, ಬರಿ, ಅಂದರು.
ಅವರ ಕಣ್ಣು ತೊರೆಯ ಮೇಲಿರಲಿಲ್ಲ,
ನನ್ನ ಮುಖದ ಮೇಲಿತ್ತು.

ಮೂವತ್ತೆರಡು ವರ್ಷ ಹೈಸ್ಕೂಲಿನ ಮೈದಾನದಲ್ಲಿ ಸೀಟಿ ಊದಿದವರು.
ಸಣ್ಣ ಸದ್ದುಗಳು ಒಂದೊಂದಾಗಿ ಅವರನ್ನು ಬಿಟ್ಟು ಹೋಗಿದ್ದವು:
ಮೊದಲು ಬದನಿಕೆ ಹಕ್ಕಿ, ಆಮೇಲೆ ಸೂರಕ್ಕಿ,
ಆಮೇಲೆ ಮೊಬೈಲಿನ ಅಲಾರಂ.
ನನಗೆ ಗೊತ್ತಿತ್ತು. ಜೀಪಿನಲ್ಲಿ ಆ ಮಾತು ಯಾರೂ ಎತ್ತಲಿಲ್ಲ.
ಗೆದ್ದ ಕಪ್ಪು ಅವರ ಮನೆಯ ಫ್ರಿಜ್ಜಿನ ಮೇಲಿದೆ,
ಅದರೊಳಗೆ ರಬ್ಬರ್ ಬ್ಯಾಂಡು, ಒಂದು ಹಳೆಯ ಬೀಗದ ಕೈ.

ತೆರೆಯ ಮೇಲೆ ಕೊನೆಯ ಹಕ್ಕಿ ಬಂತು, ನಿಧಾನವಾಗಿ,
ಹಿಂದೆ ಹತ್ತಾರು ಪಿಟೀಲು ಕಟ್ಟಿಕೊಂಡು.
ನಮ್ಮದೇ ಗರುಡ, ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ;
ಬಾಯಿ ತೆರೆದರೆ ಸಮುದ್ರದಾಚೆಯ ಯಾವುದೋ ಗಿಡುಗನ ಚೀತ್ಕಾರ,
ಬ್ರಹ್ಮಗಿರಿಯ ಮೇಲೆ ಎಂದೂ ಹಾರದ ಗಂಟಲು.
ಸಾಲಿಗೆ ಸಾಲೇ ನಕ್ಕಿತು. ಕುಟ್ಟದ ಉತ್ತಯ್ಯ ಸೀಟಿ ಹೊಡೆದ.
ನಾನೂ ನಗಲು ಬಾಯಿ ತೆರೆದೆ.

ಟೀಚರ್ ನನ್ನ ತೋಳು ಹಿಡಿದುಕೊಂಡಿದ್ದರು.
ಕೇಳಿಸಿತು, ಅಂದರು. ಪೂರ್ತಿ ಕೇಳಿಸಿತು.
ಯಾವ ಹಕ್ಕಿ ಅದು?
ಹೆಸರು ನಾಲಿಗೆಯ ತುದಿಯಲ್ಲಿತ್ತು, ಅದರ ದೇಶವೂ.

ದೀಪ ಹತ್ತಿದ ಮೇಲೆ ಟಿಕೆಟ್ಟಿನ ಹಿಂಬದಿಗೆ
೧೮೮ ಅಂತ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟು,
ತಮ್ಮ ಸಹಿ ಹಾಕಿ,
ಎರಡನೆಯ ಸಹಿಗೆ ನನ್ನ ಕಡೆ ಚಾಚಿದರು.
ಪೆನ್ನು ಮೂಡಲಿಲ್ಲ. ತುದಿಗೆ ಬಾಯಿಯ ಆವಿ ಊದಿ
ಮತ್ತೆ ಗೀಚಿದೆ.